ಜಿಪ್ಸಿಗೆ ಸೂಪರ್‌ಚಾರ್ಜರ್: ಗೇಜ್ 7ರಿಂದ 5ಕ್ಕೆ ಇಳಿದ ಮೇಲೆ ಬಂದ ಎಳೆತ

ಸೂಪರ್‌ಚಾರ್ಜರ್ ಹಾಕಿದ ಜಿಪ್ಸಿಯ ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಟಾರ್ಚ್ ಬೆಳಕಿಗೆ ಹಿಡಿದಾಗಲೇ ವಿಷಯ ಗೊತ್ತಾಯಿತು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಅವುಗಳ ನಡುವೆ ಸಾಸಿವೆಗಿಂತಲೂ ತುಂಬಾ ಸಣ್ಣ, ಬೆಳ್ಳಿಯ ಹಾಗೆ ಹೊಳೆಯುವ ಎರಡು ಮಣಿ. ಅದು ಅಲ್ಯೂಮಿನಿಯಂ. ಪ್ಲಗ್ ಮೇಲೆ ಅಲ್ಯೂಮಿನಿಯಂ ಕಂಡರೆ ಮೊದಲು ನೋಡಬೇಕಾದ್ದು ಪಿಸ್ಟನ್. ಕಂಪ್ರೆಷನ್ ಗೇಜ್ ಹಾಕಿದೆ. ಉಳಿದ ಮೂರರಲ್ಲಿ 170 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು, ಮೂರನೆಯದರಲ್ಲಿ 95. ಅಂದು ರಾತ್ರಿಯೇ ಕೂಲೆಂಟ್ ಇಳಿಸಿ, ಮರುದಿನ ಎಂಜಿನ್ ಕೆಳಗೆ ಇಳಿಸಿದೆವು.

ಗಾಡಿ ಜಿಪ್ಸಿ ಕಿಂಗ್. ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್, ಕಂಪನಿ ಲೆಕ್ಕದಲ್ಲಿ 80 ಹೆಚ್‌ಪಿ. ಗಟ್ಟಿ ಎಂಜಿನ್, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಅದರ ಪೂರ್ತಿ ಟಾರ್ಕ್, ಅಂದರೆ 103 ಎನ್‌ಎಂ, ಸಿಗುವುದು 4500 ಆರ್‌ಪಿಎಂ ಹೊತ್ತಿಗೆ. ಮೂಡುಬಿದಿರೆ ಹತ್ತಿರ ಬಾವನ ತೋಟ ಉಂಟು. ಅಲ್ಲಿಂದ ಗುಡ್ಡೆಗೆ ಹತ್ತುವ 700 ಮೀಟರಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ದಾರಿಯಲ್ಲಿ 2500ಕ್ಕೆ ಎಳೆಯಬೇಕು, ಇದು ಎಳೆಯುವುದಿಲ್ಲ. ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಬೇಡ, ಬೆಲ್ಟಿನಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಬೇಕು ಅಂತ ಅನಿಸಿದ್ದು ಅದೇ ಕಾರಣಕ್ಕೆ. ಕಾಲು ಒತ್ತಿದ ಕೂಡಲೇ ಗಾಳಿ ಬರುತ್ತದೆ, ಕಾಯಬೇಕಾಗಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನೋಂದಣಿ ಆದ ಗಾಡಿಯನ್ನು ಅನುಮತಿ ಇಲ್ಲದೆ ಹೀಗೆ ಬದಲಿಸಿ ರಸ್ತೆಯಲ್ಲಿ ಓಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಈ ಜಿಪ್ಸಿ ಮಂಗಳೂರಿನಿಂದ ತೋಟಕ್ಕೆ ಹೋಗುವುದು ಲಾರಿ ಮೇಲೆ, ಓಡುವುದು ತೋಟದ ಒಳಗೆ ಮಾತ್ರ.

ಹಾಕಿದ್ದು ಐಸಿನ್ ಎಎಂಆರ್500, ಸೆಕೆಂಡ್ ಹ್ಯಾಂಡ್. ರೂಟ್ಸ್ ಜಾತಿಯ ಬ್ಲೋವರ್. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಪೆಟ್ರೋಲ್ ಕಾರೇ ಇರಲಿಲ್ಲ. ಒಳಗೆ ಎರಡು ರೋಟರ್, ಒಂದು ಸುತ್ತಿಗೆ ಸುಮಾರು 500 ಸಿಸಿ ಗಾಳಿಯನ್ನು ಆಚೆ ತಳ್ಳುತ್ತವೆ. ಕ್ರ್ಯಾಂಕ್ ಪುಲ್ಲಿಯ ಮುಂದೆ 130 ಮಿ.ಮೀ. ಪುಲ್ಲಿ, ಬ್ಲೋವರಿಗೆ 74 ಮಿ.ಮೀ. ಪುಲ್ಲಿ. ಎಂಜಿನ್ ಒಂದು ಸುತ್ತು ಬಂದರೆ ಬ್ಲೋವರ್ 1.76 ಸುತ್ತು, ಅಂದರೆ ಲೆಕ್ಕಕ್ಕೆ 880 ಸಿಸಿ ಗಾಳಿ. ಎಂಜಿನ್ ತನ್ನಷ್ಟಕ್ಕೆ ಒಂದು ಸುತ್ತಿಗೆ ನುಂಗುವುದು ಹೆಚ್ಚೆಂದರೆ 649 ಸಿಸಿ. ಹೆಚ್ಚಾದದ್ದು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಿಕೊಂಡು ನಿಲ್ಲುತ್ತದೆ, ಅದೇ ಬೂಸ್ಟ್. ಕಂಪನಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೆಗೆದು ನಾವೇ ಟ್ಯೂನ್ ಮಾಡಬಹುದಾದ ಸ್ಪೀಡುಯಿನೊ ಹಾಕಿದೆವು, ಕ್ರ್ಯಾಂಕಿಗೆ 36 ಹಲ್ಲಿನಲ್ಲಿ ಒಂದು ಬಿಟ್ಟ ಚಕ್ರ, 240 ಸಿಸಿ ಇಂಜೆಕ್ಟರ್. ಇಂಟರ್‌ಕೂಲರ್, ಅಂದರೆ ಬ್ಲೋವರಿನಿಂದ ಬರುವ ಗಾಳಿಯನ್ನು ತಣಿಸುವ ಕೋರ್, ಇರಲಿಲ್ಲ. ಬೂಸ್ಟ್ ಗೇಜ್ ಚೆಂದಕ್ಕೆ 7 ಪಿಎಸ್‌ಐ ತೋರಿಸುತ್ತಿತ್ತು.

ಮೊದಲ ದಿನ ಸಂಜೆ ಗುಡ್ಡೆ ಹತ್ತಿದಾಗ ಆದ ಖುಷಿ ಇನ್ನೂ ನೆನಪಿದೆ. ಎರಡನೇ ಗೇರಿನಲ್ಲಿ, ಒಂದೇ ಏರಿನಲ್ಲಿ, 2500ರಿಂದ 5500 ಆರ್‌ಪಿಎಂಗೆ ಹೋಗಲು ಮೊದಲು 9.4 ಸೆಕೆಂಡ್ ಬೇಕಿತ್ತು. ಈಗ 7.6. ಎರಡನೇ ಸಲ 8.0. ಮೂರನೇ ಸಲ 8.6. ಬೆಲ್ಟ್ ಜಾರುತ್ತಿರಬೇಕು ಅಂತ ಬೆಲ್ಟ್ ಬಿಗಿ ಮಾಡಿದೆವು. ಬೆಲ್ಟ್ ಜಾರುತ್ತಲೂ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ದೊಡ್ಡ ಕಾರಣ ಅದಾಗಿರಲಿಲ್ಲ.

ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನಲ್ಲಿ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಅಂಚು ಎರಡು ಇಂಚು ಉದ್ದಕ್ಕೆ ಒಡೆದು ಹೋಗಿತ್ತು. ಮೇಲಿನ ರಿಂಗನ್ನು ಕೈಯಲ್ಲಿ ಹಿಡಿದು ಅದರ ಎರಡು ತುದಿ ನೋಡಿದೆ. ಎರಡೂ ತುದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಉಳಿದ ಸಿಲಿಂಡರಿನ ರಿಂಗುಗಳ ತುದಿ ಮಂಕಾಗಿ, ಮಸಿ ಹಿಡಿದು ಇದ್ದವು. ತುದಿ ಹೊಳೆಯುತ್ತದೆ ಅಂದರೆ ಅವು ಬಿಸಿಗೆ ಹಿಗ್ಗಿ ಒಂದಕ್ಕೊಂದು ತಾಗಿವೆ. ತಾಗಿದ ಮೇಲೆ ಹಿಗ್ಗಲು ಜಾಗ ಇಲ್ಲ, ರಿಂಗ್ ಬೋರಿಗೆ ಕಚ್ಚಿಕೊಳ್ಳುತ್ತದೆ, ಅದರ ಮೇಲೆ ನಾಕಿಂಗಿನ (ಬಿಸಿಗೆ ಪೆಟ್ರೋಲ್ ತಾನಾಗಿ ಸಿಡಿಯುವುದರ) ಹೊಡೆತ ಬೀಳುತ್ತದೆ, ಎರಕದ ಪಿಸ್ಟನ್ನಿನ ಅಂಚು ತಡೆಯುವುದಿಲ್ಲ.

ಹಾಗಾದರೆ ಅಷ್ಟು ಬಿಸಿ ಎಲ್ಲಿಂದ ಬಂತು? ಪೆಟ್ರೋಲ್ ಕಡಿಮೆ ಆಗಿತ್ತಾ ಅಂತ ಲಾಗ್ ತೆಗೆದು ನೋಡಿದೆವು. ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಹೋಗುತ್ತಿತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಗಾಳಿಯ ಟೆಂಪರೇಚರ್ ಗೆರೆ. ಮೂರೂ ಓಟದಲ್ಲಿ ಅದು 33 ಡಿಗ್ರಿಯಲ್ಲಿ ಸಪಾಟಾಗಿ ಮಲಗಿತ್ತು. ನಾನು ಆ ಸೆನ್ಸರನ್ನು ಹಾಕಿದ್ದು ಏರ್ ಫಿಲ್ಟರಿನ ಪೈಪಿನಲ್ಲಿ, ಬ್ಲೋವರಿಗಿಂತ ಮೊದಲು. ಬ್ಲೋವರ್ ದಾಟಿದ ಮೇಲೆ ಗಾಳಿ ಎಷ್ಟು ಬಿಸಿ ಅಂತ ಇಸಿಯುಗೆ ಗೊತ್ತೇ ಇರಲಿಲ್ಲ. ತಣ್ಣಗಿನ ಗಾಳಿ ಅಂತ ನಂಬಿ ಟೈಮಿಂಗನ್ನು, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತನ್ನು, ಹಿಂದಕ್ಕೆ ತರಲೇ ಇಲ್ಲ. ಇದು ಪೂರ್ತಿ ನನ್ನ ತಪ್ಪು. ಈ ಕೆಲಸ ಮಾಡುವವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಸೆನ್ಸರ್ ಮ್ಯಾನಿಫೋಲ್ಡಿನಲ್ಲಿ ಇರಲಿ.

ರೂಟ್ಸ್ ಬ್ಲೋವರ್ ಒಳಗೆ ಗಾಳಿಯನ್ನು ಒತ್ತುವುದಿಲ್ಲ, ಸುಮ್ನೆ ಹೊತ್ತು ತಂದು ಆಚೆ ಬಿಡುತ್ತದೆ. ಒತ್ತುವುದು ಆಚೆ ಕಡೆ ಇರುವ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿದಾಗ. ಅದರಿಂದ ಬಿಸಿ ಜಾಸ್ತಿ. ಹೊರಗೆ 33 ಡಿಗ್ರಿ ಇದ್ದು ಗೇಜಿನಲ್ಲಿ 7 ಪಿಎಸ್‌ಐ ಇದ್ದರೆ, ಇಂಥ ಬ್ಲೋವರಿನಿಂದ ಆಚೆ ಬರುವ ಗಾಳಿ ಸುಮಾರು 100 ಡಿಗ್ರಿಯ ಹತ್ತಿರ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬಾನೆಟ್ ಮುಚ್ಚಿ ಮೂರು ಸಲ ಗುಡ್ಡೆ ಹತ್ತಿದರೆ ಬ್ಲೋವರಿನ ಮೈ ಮುಟ್ಟಲಿಕ್ಕಾಗುವುದಿಲ್ಲ.

ಎಂಜಿನ್ ಮತ್ತೆ ಕಟ್ಟುವುದು. ಬ್ಲಾಕ್ ಬೋರಿಂಗ್ ಮಾಡಿಸಿ 0.25 ಓವರ್‌ಸೈಜ್ ಪಿಸ್ಟನ್ ಹಾಕಿದೆವು, ಮಾಮೂಲಿ ಎರಕದ್ದೇ. ಬಡಿದು ಮಾಡಿದ, ಇನ್ನೂ ಗಟ್ಟಿಯಾದ ಫೋರ್ಜ್ಡ್ ಪಿಸ್ಟನ್ನಿಗೆ ಹೋಗಲಿಲ್ಲ. ಬಿಸಿ ಮತ್ತು ನಾಕಿಂಗ್ ಹಿಡಿತದಲ್ಲಿದ್ದರೆ ಇಷ್ಟು ಬೂಸ್ಟಿಗೆ ಇವೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಬದಲಿಸಿದ್ದು ರಿಂಗ್ ಗ್ಯಾಪ್, ರಿಂಗಿನ ಎರಡು ತುದಿಯ ನಡುವಿನ ಸಂದಿ. ಹೊಸ ರಿಂಗನ್ನು ಬೋರಿಗೆ ಇಟ್ಟು ಫೀಲರ್ ಗೇಜ್ ಹಾಕಿದರೆ 0.28 ಮಿ.ಮೀ. ಸಾಮಾನ್ಯ ಎಂಜಿನ್ನಿಗೆ ಅದು ಸರಿ. ಬೂಸ್ಟ್ ಇರುವುದಕ್ಕೆ ಸಾಲದು. ಸಣ್ಣ ಅರದಲ್ಲಿ, ಒಂದೇ ದಿಕ್ಕಿಗೆ, ಹೊರಗಿನಿಂದ ಒಳಕ್ಕೆ ತೀಡಿ 0.42ಕ್ಕೆ ತಂದೆ. ನಾಲ್ಕು ರಿಂಗಿಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಎರಡು ಸಲ ತೀಡಿ, ತೊಳೆದು, ಬೋರಿಗೆ ಇಟ್ಟು ಅಳೆಯುವುದು, ಮತ್ತೆ ಎರಡು ಸಲ ತೀಡುವುದು. ಅವಸರ ಮಾಡಿ 0.60 ಮಾಡಿಬಿಟ್ಟರೆ ಆ ರಿಂಗ್ ದಂಡ.

ಪ್ಲಗ್ ಎನ್‌ಜಿಕೆ 6ನೇ ನಂಬರ್ ಇದ್ದದ್ದನ್ನು 7ಕ್ಕೆ ಬದಲಿಸಿದೆವು, ನಂಬರ್ ಏರಿದಷ್ಟು ಪ್ಲಗ್ ತಣ್ಣಗೆ. ಗ್ಯಾಪ್ 0.7.

ಇನ್ನು ಇಂಟರ್‌ಕೂಲರ್. ನಮ್ಮ ಕೆಲಸಕ್ಕೆ ನೀರಿನದ್ದೇ ಸರಿ. ಗುಡ್ಡೆ ಹತ್ತುವಾಗ ಸ್ಪೀಡ್ ಕಡಿಮೆ, ಮುಂದಿನಿಂದ ಸಾಕಷ್ಟು ಗಾಳಿ ಹೊಡೆಯುವುದಿಲ್ಲ, ಹಾಗಿರುವಾಗ ಗಾಳಿಯಿಂದ ತಣಿಯುವ ಕೋರ್ ಹಾಕಿ ಏನು ಪ್ರಯೋಜನ? ಬ್ಲೋವರಿಗೂ ಥ್ರಾಟಲಿಗೂ ನಡುವೆ ಒಂದು ಸಣ್ಣ ಕೋರ್, ಅದಕ್ಕೆ ಬೇರೆಯೇ ಎಲೆಕ್ಟ್ರಿಕ್ ಪಂಪ್, ಗ್ರಿಲ್ಲಿನ ಹಿಂದೆ ಒಂದು ಸಣ್ಣ ರೇಡಿಯೇಟರ್, ಫ್ಯಾನ್. ಎಂಜಿನ್ ಕೂಲೆಂಟಿಗೂ ಇದಕ್ಕೂ ಸಂಬಂಧ ಇಲ್ಲ.

ಎಲ್ಲ ಕಟ್ಟಿ, 800 ಕಿ.ಮೀ. ಮೆಲ್ಲ ಓಡಿಸಿ ರಿಂಗ್ ಕೂರಿಸಿ, ಒಂದು ಭಾನುವಾರ ಬೆಳಗ್ಗೆ ಮತ್ತೆ ಗುಡ್ಡೆಯ ಬುಡಕ್ಕೆ ಹೋದೆವು. ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಅಕ್ಕನ ಮಗ. ಅದೇ ಪುಲ್ಲಿ, ಅದೇ ಬೆಲ್ಟ್. ಅರ್ಧ ಹತ್ತುವಾಗಲೇ ಅವನು ಕೂಗಿದ.

"ಮಾವ, ಐದೇ ತೋರಿಸ್ತಾ ಉಂಟು. ಎಲ್ಲೋ ಲೀಕ್ ಉಂಟು."

ನನಗೂ ಹಾಗೆಯೇ ಅನಿಸಿತು. ನಿಲ್ಲಿಸಿ ಎಲ್ಲ ಹೋಸ್ ಕ್ಲಿಪ್ ನೋಡಿದೆವು. ಫಿಲ್ಟರ್ ಕಡೆ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದೆವು. ಹೆಚ್ಚಾದ ಗಾಳಿ ವಾಪಸ್ ಬಿಡುವ ಬೈಪಾಸ್ ವಾಲ್ವಿನ ಹೋಸಿನ ಬುಡದಲ್ಲಿ ನಾಲ್ಕು ಗುಳ್ಳೆ ಬಂತು. ಅದನ್ನು ಸರಿ ಮಾಡಿದ ಮೇಲೂ 4.8. ಆದರೆ ಸ್ಟಾಪ್‌ವಾಚ್ ಬೇರೆಯೇ ಹೇಳುತ್ತಿತ್ತು: 7.4. ಮತ್ತೆ ಹತ್ತಿದೆವು, 7.4. ಮೂರನೇ ಸಲ 7.5.

ಅಂದು ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಲೆಕ್ಕ ಕಷ್ಟದ್ದಲ್ಲ. ಟೆಂಪರೇಚರಿಗೆ 273 ಕೂಡಿಸಿಕೊಳ್ಳಬೇಕು, ಒತ್ತಡಕ್ಕೆ ಹೊರಗಿನ 14.7 ಸೇರಿಸಬೇಕು, ಅಷ್ಟೇ. ಮೊದಲಿನ 7 ಪಿಎಸ್‌ಐ ಅಂದರೆ ಹೊರಗಿನ ಒತ್ತಡದ 1.48 ಪಟ್ಟು. ಆದರೆ ಆ ಗಾಳಿ 105 ಡಿಗ್ರಿ ಅಂತ ಹಿಡಿದರೆ, ಹಿಗ್ಗಿದ್ದನ್ನು ಕಳೆದು ನೋಡಿದಾಗ ಗಾಳಿ ನಿಜವಾಗಿ ಇದ್ದದ್ದು 1.20 ಪಟ್ಟು. ಈಗಿನ 4.8 ಪಿಎಸ್‌ಐ ಅಂದರೆ 1.33 ಪಟ್ಟು, ಮ್ಯಾನಿಫೋಲ್ಡಿನ ಸೆನ್ಸರ್ ಹೇಳುವುದು 52 ಡಿಗ್ರಿ. ಗಾಳಿ 1.25 ಪಟ್ಟು. ಗೇಜ್ ಇಳಿದಿದೆ, ಗಾಳಿ ಜಾಸ್ತಿ ಆಗಿದೆ!

ಯೋಚಿಸಿದರೆ ಹಾಗೆಯೇ ಆಗಬೇಕು. ಪುಲ್ಲಿ ಬದಲಾಗದಿದ್ದರೆ ಬ್ಲೋವರ್ ಒಂದು ಸುತ್ತಿಗೆ ಕೊಡುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಆ ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಇಕ್ಕಟ್ಟಾಗುತ್ತದೆ, ಮುಳ್ಳು ಮೇಲೆ ಹೋಗುತ್ತದೆ. ತಣ್ಣಗಾದರೆ ಅಷ್ಟೇ ಗಾಳಿ ಕಡಿಮೆ ಜಾಗದಲ್ಲಿ ಕೂರುತ್ತದೆ, ಎಂಜಿನ್ ಸಲೀಸಾಗಿ ನುಂಗುತ್ತದೆ, ಮುಳ್ಳು ಇಳಿಯುತ್ತದೆ. ಆಚೆ ಒತ್ತಡ ಇಳಿದದ್ದರಿಂದ ರೋಟರಿನ ಸಂದಿಯಲ್ಲಿ ಹಿಂದಕ್ಕೆ ಸೋರುವ ಗಾಳಿಯೂ ಕಡಿಮೆ, ಬ್ಲೋವರ್ ತಿರುಗಿಸಲು ಎಂಜಿನ್ ಕೊಡಬೇಕಾದ ಶಕ್ತಿಯೂ ಕಡಿಮೆ. ಮೊದಲು ನಾನು ಸಂಭ್ರಮ ಪಟ್ಟ ಆ 7ರಲ್ಲಿ ಒಂದು ಪಾಲು ಬರೀ ಬಿಸಿ ಮಾರಾಯ್ರೆ.

ಇದು ಗೊತ್ತಾದ ಮೇಲೆ ಟ್ಯೂನಿಂಗ್ ಸುಲಭ ಆಯಿತು. 4000 ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟಿಗೆ ಟೈಮಿಂಗ್ 20 ಡಿಗ್ರಿಯಿಂದ ಶುರು ಮಾಡಿದೆ. ಬ್ಲಾಕಿಗೆ ನಾಕ್ ಸೆನ್ಸರ್ ಬಿಗಿದು, ಅದರ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ, ಒಂದೊಂದೇ ಡಿಗ್ರಿ ಮುಂದಕ್ಕೆ. 23ಕ್ಕೆ ಒಮ್ಮೆ ಕಿಟಿಕಿಟಿ ಕೇಳಿತು. 21ಕ್ಕೆ ತಂದು ನಿಲ್ಲಿಸಿದೆ. ಮ್ಯಾನಿಫೋಲ್ಡಿನ ಗಾಳಿ 55 ಡಿಗ್ರಿ ದಾಟಿದರೆ ಪ್ರತಿ 10 ಡಿಗ್ರಿಗೆ ಒಂದೂವರೆ ಡಿಗ್ರಿ ತಾನಾಗಿ ಹಿಂದಕ್ಕೆ ಬರುತ್ತದೆ. ಇಂಟರ್‌ಕೂಲರಿನ ಪಂಪ್ ನಿಂತರೂ ಎಂಜಿನ್ ಉಳಿಯಬೇಕಲ್ವಾ.

ಪೆಟ್ರೋಲಿನ ಬಗ್ಗೆ. ಈಗ ಸಿಗುವುದು 20% ಎಥನಾಲ್ ಇರುವ ಪೆಟ್ರೋಲ್. ಅದಕ್ಕೆ ಸರಿಯಾದ ಗಾಳಿ-ಪೆಟ್ರೋಲ್ ಪ್ರಮಾಣ 14.7 ಅಲ್ಲ, ಸುಮಾರು 13.5. ಹಳೆಯ ಅಂಕಿ ಇಟ್ಟುಕೊಂಡು ಟ್ಯೂನ್ ಮಾಡಿದರೆ ಲೆಕ್ಕ ತಪ್ಪುತ್ತದೆ. ನಾನು ಹೊಗೆ ನೋಡಿ ಈ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲೇ ಓದುತ್ತೇನೆ: 1 ಅಂದರೆ ಸರಿಯಾದ ಪ್ರಮಾಣ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಬೂಸ್ಟಿನಲ್ಲಿ 0.81. ಇಂಜೆಕ್ಟರ್ ಡ್ಯೂಟಿ, ಅಂದರೆ ಅದು ತೆರೆದಿರುವ ಹೊತ್ತಿನ ಪಾಲು, 62% ದಾಟುವುದಿಲ್ಲ. ಹಳೆಯ ರಬ್ಬರ್ ಪೈಪ್ ಎಲ್ಲ ತೆಗೆದು ಎಥನಾಲ್ ತಡೆಯುವಂಥದ್ದು ಹಾಕಿದ್ದೇನೆ. ಇನ್ನೊಂದು, ಎಥನಾಲ್ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ಎರಡು ತಿಂಗಳು ಗಾಡಿ ನಿಲ್ಲಿಸಬಾರದು.

ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪಿನ ವೈರ್ ಕೂಡ ನೋಡಿ. 5000 ಆರ್‌ಪಿಎಂ ಮೇಲೆ ಲ್ಯಾಂಬ್ಡಾ ಮೆಲ್ಲ 0.86ಕ್ಕೆ ಜಾರುತ್ತಿತ್ತು, ಇಂಜೆಕ್ಟರಿಗೆ ಇನ್ನೂ ಜಾಗ ಇದ್ದರೂ. ಪಂಪಿನ ಬುಡದಲ್ಲಿ ಮೀಟರ್ ಇಟ್ಟರೆ 11.4 ವೋಲ್ಟ್, ಬ್ಯಾಟರಿಯಲ್ಲಿ 14. ವೈರಿನ ಪ್ಲಾಸ್ಟಿಕ್ ಸುಲಿದಾಗ ಒಳಗಿನ ತಾಮ್ರ ಹಸಿರು ಪುಡಿಯಾಗಿ ಉಗುರಿಗೆ ಬಂತು. ಸಮುದ್ರದ ಉಪ್ಪು ಗಾಳಿ. ಎರಡು ಗೇಣು ಮುಂದೆ ಕತ್ತರಿಸಿದರೆ ಅಲ್ಲಿಯೂ ಹಸಿರು. ಬ್ಯಾಟರಿಯಿಂದ ನೇರ ಹೊಸ ದಪ್ಪ ವೈರ್, ಒಂದು ರಿಲೇ, ಫ್ಯೂಸ್, ಚಾಸಿಗೆ ಹೊಸ ಅರ್ತ್. ಈಗ 13.6 ವೋಲ್ಟ್, ಲ್ಯಾಂಬ್ಡಾ ಅಲುಗುವುದಿಲ್ಲ. 400 ರೂಪಾಯಿಯ ಕೆಲಸ, ಅದನ್ನು ಮೊದಲೇ ಮಾಡಬೇಕಿತ್ತು.

ಬೆಲ್ಟ್ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಬ್ರಾಕೆಟ್ 6 ಮಿ.ಮೀ. ಎಂ.ಎಸ್. (ಮೆದು ಉಕ್ಕಿನ) ಪ್ಲೇಟಿನದ್ದು. ಓಡಿಸಿ ಬಂದು ಬಾನೆಟ್ ಎತ್ತಿದರೆ ಬ್ಲೋವರಿನ ಮೂತಿ ಮೇಲೆ ಕಾಡಿಗೆಯ ಹಾಗೆ ಕಪ್ಪು ಪುಡಿ. 6 ಗೆರೆಯ ಬೆಲ್ಟ್ ಜಾರಿ ಸವೆಯುತ್ತಿತ್ತು. ಎರಡು ಬೆಲ್ಟ್ ಹಾಗೆ ಹೋಯಿತು. ಬೈಕಂಪಾಡಿಯಲ್ಲಿ ನನಗೆ ಪುಲ್ಲಿ ಟರ್ನಿಂಗ್ ಮಾಡಿಕೊಡುವ ಲೇತಿನ ಅಣ್ಣನಿಗೆ ಬ್ರಾಕೆಟ್ ತೋರಿಸಿದೆ. ಅವರು ಅದನ್ನು ವೈಸಿಗೆ ಕಚ್ಚಿಸಿ, ತುದಿಗೆ ಪೈಪ್ ಹಾಕಿ ಒಮ್ಮೆ ಎಳೆದರು.

"ಇದು ಬಗ್ಗುತ್ತದೆ ಮಾರಾಯ. ಬೆಲ್ಟ್ ಬಿಗಿ ಮಾಡಿದಷ್ಟೂ ಬಗ್ಗುತ್ತದೆ. ನೀನು ಬೆಲ್ಟ್ ಬಿಗಿ ಮಾಡ್ತಾ ಇದ್ದಿಯಾ, ಇಲ್ಲ ಪ್ಲೇಟ್ ಬಗ್ಗಿಸ್ತಾ ಇದ್ದಿಯಾ?"

ಅವರ ಮಾತು ಸರಿ. ಬಗ್ಗಿದಾಗ ಪುಲ್ಲಿ ಓರೆಯಾಗುತ್ತದೆ, ಓರೆಯಾದ ಪುಲ್ಲಿಯ ಮೇಲೆ ಬೆಲ್ಟಿನ ಒಂದು ಬದಿಯ ಎರಡು ಗೆರೆ ಮಾತ್ರ ಭಾರ ಹೊರುತ್ತದೆ. 12 ಮಿ.ಮೀ. ಪ್ಲೇಟಿನಲ್ಲಿ ಹೊಸ ಬ್ರಾಕೆಟ್, ಬ್ಲಾಕಿಗೆ ನಾಲ್ಕು ಬೋಲ್ಟ್, ಹಿಂದಿನಿಂದ ಒಂದು ಆಧಾರದ ಸಲಾಕೆ. ಬ್ಲೋವರ್ ಪುಲ್ಲಿಯ ಪಕ್ಕದಲ್ಲೇ ಒಂದು ಐಡ್ಲರ್ (ಬೆಲ್ಟನ್ನು ಒತ್ತಿ ಹಿಡಿಯುವ, ಸುಮ್ನೆ ತಿರುಗುವ ಚಕ್ರ) ಇಟ್ಟು, ಬೆಲ್ಟ್ ಪುಲ್ಲಿಯನ್ನು ಅಪ್ಪುವ ಸುತ್ತನ್ನು 120 ಡಿಗ್ರಿಯಿಂದ 170ಕ್ಕೆ ಏರಿಸಿದೆವು. ಉದ್ದದ ಸ್ಟೀಲ್ ಸ್ಕೇಲನ್ನು ಎರಡೂ ಪುಲ್ಲಿಯ ಮುಖಕ್ಕೆ ಇಟ್ಟಾಗ ಸಂದಿಯಲ್ಲಿ ಬೆಳಕು ಕಾಣಬಾರದು, ಅಷ್ಟೇ ಪರೀಕ್ಷೆ. ಬೆಲ್ಟನ್ನು ಮೊದಲಿಗಿಂತ ಸಡಿಲ ಇಟ್ಟರೂ ಈಗ ಜಾರುವುದಿಲ್ಲ, ಬ್ಲೋವರಿನ ಬೇರಿಂಗಿಗೂ ಅದು ಒಳ್ಳೆಯದು.

ಬೈಪಾಸ್ ವಾಲ್ವ್ ಬಿಡುವ ಹಾಗಿಲ್ಲ. ಥ್ರಾಟಲ್ ಮುಚ್ಚಿದರೂ ಬ್ಲೋವರ್ ಗಾಳಿ ತಳ್ಳುತ್ತಲೇ ಇರುತ್ತದೆ. ಆ ಗಾಳಿ ವಾಪಸ್ ಬ್ಲೋವರಿನ ಬಾಯಿಗೆ ಹೋಗಲು ದಾರಿ ಬೇಕು. ಮೊದಲು ಸಣ್ಣ ವಾಲ್ವ್ ಹಾಕಿ, ಕಾಲು ತೆಗೆದಾಗಲೆಲ್ಲ ಹೋಸ್ ಕಿತ್ತು ಬರುತ್ತಿತ್ತು.

ಧೂಳಿನ ಬಗ್ಗೆ ನನಗೆ ಈಗಲೂ ಬೇಸರ ಉಂಟು. ಮಾರ್ಚ್‌ನಲ್ಲಿ ಒಮ್ಮೆ ಫಿಲ್ಟರ್ ಪೈಪಿನ ಕ್ಲಿಪ್ ಸಡಿಲ ಆಗಿದ್ದು ನೋಡಿರಲಿಲ್ಲ. ಬ್ಲೋವರಿನ ಬಾಯಿ ತೆಗೆದು ಬೆರಳು ಹಾಕಿದರೆ ಕುಂಕುಮದ ಹಾಗೆ ಕೆಂಪು ಅಂಟಿಕೊಂಡು ಬಂತು. ಮುರಕಲ್ಲಿನ ಪುಡಿ. ರೋಟರುಗಳು ಒಂದಕ್ಕೊಂದು ತಾಗದೆ ಕೂದಲೆಳೆ ಸಂದಿಯಲ್ಲಿ ತಿರುಗುತ್ತವೆ, ಆ ಸಂದಿಯಲ್ಲಿ ಮರಳು ಕಾಗದ ಹಾಕಿದ ಹಾಗೆ ಇದು. ರೋಟರಿನ ಮೈಮೇಲೆ ಉದ್ದಕ್ಕೆ ತೆಳ್ಳಗಿನ ಗೀರು ಬಿದ್ದಿದೆ, ಹೋಗುವುದಿಲ್ಲ. ಓಪನ್ ಕೋನ್ ಫಿಲ್ಟರ್ ಅಂದೇ ತೆಗೆದೆ. ಈಗ ಕಂಪನಿಯ ಡಬ್ಬಿ, ಕಾಗದದ ಫಿಲ್ಟರ್, ಬಾಯಿ ಬಾನೆಟ್‌ಗಿಂತ ಮೇಲೆ. ಎಳೆತದಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ.

ಮಳೆಗಾಲ ಕೂಡ ಕಳೆಯಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ದಾರಿಯೇ ತೋಡು. ನೀರು ಹಾರಿ ಬೆಲ್ಟಿಗೆ ಬಿದ್ದರೆ ಐದು ಸೆಕೆಂಡ್ ಬೂಸ್ಟ್ ಮಾಯ, ಮತ್ತೆ ಬರುವಾಗ ಧಕ್ಕೆಂದು ಬರುತ್ತದೆ. ಕ್ರ್ಯಾಂಕ್ ಪುಲ್ಲಿಯ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟಿನ ಒಂದು ತಡೆ ಕಟ್ಟಿದೆವು, ಆ ತೊಂದರೆ ನಿಂತಿತು.

ಹೋದ ವಾರ ಮತ್ತೆ ಕಂಪ್ರೆಷನ್ ನೋಡಿದೆ. 168, 170, 167, 169. ಮೂರನೇ ಪ್ಲಗ್ ಬಿಚ್ಚಿ ಅದೇ ಟಾರ್ಚಿಗೆ ಹಿಡಿದೆ. ಪಿಂಗಾಣಿ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ, ಒಂದು ಚುಕ್ಕೆ ಇಲ್ಲ. ಅಕ್ಕನ ಮಗ ಲೇತಿಗೆ ಹೋಗಿ 68 ಮಿ.ಮೀ. ಪುಲ್ಲಿ ಮಾಡಿಸಿಕೊಂಡು ಬಂದಿದ್ದಾನೆ, ಗೇಜ್ ಮತ್ತೆ 7 ತೋರಿಸಬೇಕಂತೆ. ಇಂಟರ್‌ಕೂಲರಿನ ನೀರು ಮೂರನೇ ಓಟಕ್ಕೆ 41 ಡಿಗ್ರಿಗೆ ಬರುತ್ತದೆ. ಮೊದಲು ಅದನ್ನು 37ಕ್ಕೆ ಇಳಿಸೋಣ, ಆಮೇಲೆ ಪುಲ್ಲಿಯ ಮಾತು ಅಂದೆ. ಎರಡನೇ ಫ್ಯಾನಿಗೆ ಈ ಶನಿವಾರ ವೈರ್ ಎಳೆಯುತ್ತಿದ್ದೇವೆ.